ಎಲ್ಲಿಗೆ ಎಂದು ಕೇಳುವ ಗಂಗೆ

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಸಿದ್ದಾಪುರದ ಕಡೆ ಇದು ಹಾಲುಗಲ್ಲದ ಮಗುವಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ತೀರ ತಡೆಯದಿದ್ದರೆ ‘ದೂರವಾ?’ ಎನ್ನಬೇಕು. ಅವರು ‘ಇಲ್ಲೇ’ ಎನ್ನಬೇಕು. ಕಾಶಿಗೆ ಹೊರಟವರೂ ‘ಇಲ್ಲೇ’ ಎಂದೇ ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹೀಗಿರುವಾಗ ಮನ್ಮನೆಯ ಬಸ್ ಸ್ಟಾಪಿನಲ್ಲಿ ಗಂಗೆ ಎಂಬ ಐವತ್ತೆಂಟರ ಹೆಂಗಸು ದಿನಾ ಬೆಳಿಗ್ಗೆ ನಿಂತು, ಗುರುತಿದ್ದವರು ಇಲ್ಲದವರು ಎನ್ನದೆ, ಬಂದವರನ್ನೆಲ್ಲ ‘ಎಲ್ಲಿಗ್ ಹೊಂಟ್ರಿ? ಎಂತಕ್ಕೆ?’ ಎಂದು ಮುಖಕ್ಕೇ ಕೇಳುತ್ತಾಳೆ ಎಂದರೆ ಊರವರಿಗೆ ಹೇಗಾಗಿರಬೇಡ.

ಕೇಳಿ ಸುಮ್ಮನಾಗುವವಳೂ ಅಲ್ಲ. ಆಸ್ಪತ್ರೆಗೆ ಎಂದರೆ ಯಾರಿಗೆ, ಎಷ್ಟು ದಿನದಿಂದ, ಜೊತೆಗೆ ಯಾರಿದ್ದಾರೆ ಎಂದು ವಿಚಾರಿಸುತ್ತಾಳೆ. ಯಾರೂ ಇಲ್ಲ ಎಂದರೆ ಅದೇ ಬಸ್ಸಿಗೆ ಹೊರಟ ಇನ್ನೊಬ್ಬರನ್ನು ಹಿಡಿದು, ಇವರನ್ನು ಅವರ ಕೈಗೆ ಒಪ್ಪಿಸುತ್ತಾಳೆ. ಬಸ್ಸು ತಡವಾದರೆ ರಸ್ತೆಗೆ ಅಡ್ಡ ನಿಂತು ಬೈಕೋ, ಹಾಲಿನ ವ್ಯಾನೋ, ಜಲ್ಲಿ ಹೇರಿದ ಲಾರಿಯೋ, ಸಿಕ್ಕಿದ್ದನ್ನು ನಿಲ್ಲಿಸುತ್ತಾಳೆ. ಒಮ್ಮೆ ಮದುವೆ ದಿಬ್ಬಣದ ವ್ಯಾನನ್ನೇ ನಿಲ್ಲಿಸಿ, ಜ್ವರದಿಂದ ನಡುಗುತ್ತಿದ್ದ ಮುದುಕನೊಬ್ಬನನ್ನು ಮದುಮಗನ ಪಕ್ಕದಲ್ಲಿ ಕೂರಿಸಿ ಕಳಿಸಿದ್ದಳು. ಸ್ಟಾಪಿನ ಪಕ್ಕದ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಒಂಬತ್ತಕ್ಕೆ ಮನೆಯಿಂದ ಬಂದರೆ ಒಂಬತ್ತೂವರೆಯ ಬಸ್ಸು ಹೋಗುವವರೆಗೆ ಸ್ಟಾಪಿನಲ್ಲಿ, ಆಮೇಲೆ ಅಕ್ಕಿ ತೊಳೆಯಲು ಶಾಲೆಗೆ. ಅವಳು ಶಾಲೆಯ ಅಡುಗೆ ಬಿಟ್ಟರೂ ಬಿಟ್ಟಾಳು, ಈ ಅರ್ಧ ಗಂಟೆ ಬಿಡುವವಳಲ್ಲ.

ಬೈಗುಳಕ್ಕೇನೂ ಕಡಿಮೆ ಇರಲಿಲ್ಲ. ಹೆಣ್ಣು ನೋಡಲು ಹೊರಟವರನ್ನು ಕೇಳಿದಳು, ಆ ಸಂಬಂಧ ಮುರಿದುಬಿತ್ತು. ಹುಡುಗನಿಗೆ ಕುಡಿಯುವ ಚಟವಿದ್ದದ್ದು ತಾಲೂಕಿಗೇ ಗೊತ್ತಿತ್ತು, ಆದರೂ ತಪ್ಪು ಗಂಗೆಯದಾಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ ಪಾಪ, ಕಾಗೆ ಏನು ಮಾಡಬೇಕು? ಕೆಲವರು ಅವಳ ಬಾಯಿಗೆ ಬೀಳಬಾರದೆಂದು ಅರ್ಧ ಮೈಲಿ ನಡೆದು ಮುಂದಿನ ಸ್ಟಾಪಿನಲ್ಲಿ ಬಸ್ಸು ಹತ್ತಿದರು. ಲೈನ್‌ಮನ್ ಆಗಿರುವ ಮಗ ಉಲ್ಲಾಸ, ಕಂಬ ಹತ್ತಿದಲ್ಲೆಲ್ಲ ಕೆಳಗಿನವರು ತನ್ನ ತಾಯಿಯ ಮಾತನ್ನೇ ಆಡುತ್ತಾರೆ, ಸಾಕು ಮಾಡು ಎಂದು ಬೇಡಿಕೊಂಡ. ಗಂಗೆ ಒಂದು ದಿನ ಬಾಯಿ ಮುಚ್ಚಿ ನಿಂತು ನೋಡಿದಳು. ಆ ದಿನ ಬಸ್ಸು ಹೋದ ಮೇಲೆ ಅವಳಿಗೆ ಅನ್ನದ ಹದ ನೋಡುವುದಕ್ಕೂ ಮನಸ್ಸಾಗಲಿಲ್ಲ. ಮಾರನೆಯ ದಿನ ಮತ್ತೆ ಕೇಳಿದಳು.

ಅವಳು ಹುಟ್ಟಾ ಹಾಗಿದ್ದವಳಲ್ಲ. ಅವಳೂ ಎಲ್ಲರಂತೆ ಕೇಳದೇ ಇದ್ದವಳು. ಕೇಳದೇ ಇದ್ದದ್ದರಿಂದಲೇ ಹೀಗಾದಳು.

ಕರೋನಾ ಬರುವ ಹಿಂದಿನ ವರ್ಷ, ಗದ್ದೆ ಕೊಯ್ಲು ಮುಗಿದ ಮೇಲೆ, ಜನವರಿಯ ಒಂದು ಬೆಳಿಗ್ಗೆ. ಗಂಡ ಕೆರಿಯ ತಿನ್ನುತ್ತಿದ್ದ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅಂಗಿ ಬದಲಿಸಿ, ಟುವಾಲು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದ. ಕೆರಿಯ ಮಾತು ಕಡಿಮೆಯ ಮನುಷ್ಯ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಅಂಗಳದಲ್ಲಿ ಭತ್ತ ಹರವುತ್ತಿದ್ದ ಗಂಗೆಗೆ ಅವನ ಮುಖ ಬಾಡಿದ್ದು ಕಂಡಿತು. ಎಲ್ಲಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೊರಟವರನ್ನು ಕೇಳಬಾರದು ಎಂದು ನುಂಗಿಕೊಂಡು, ದೂರವಾ ಎಂದಳು. ಅವನು ಇಲ್ಲೇ ಎಂದ. ಬೇಲಿಯ ದಣಪೆಯ ಹತ್ತಿರ ಹೋದವನು ಗೂಟ ಹಿಡಿದು ಸ್ವಲ್ಪ ಹೊತ್ತು ನಿಂತ. ಏನೋ ಮರೆತಿರಬೇಕು ಎಂದುಕೊಂಡಳು. ಆದರೆ ಹೊರಟವರನ್ನು ಹಿಂದಿನಿಂದ ಕರೆಯುವುದು ಕೇಳುವುದಕ್ಕಿಂತ ಕೆಟ್ಟದ್ದು. ಅವನಾಗಿಯೇ ತಿರುಗಲಿ ಎಂದು ಕಾದಳು. ಅವನು ತಿರುಗಲಿಲ್ಲ. ದಣಪೆಯ ಕೋಲು ಸರಿಸಿ, ಆಚೆ ದಾಟಿ, ದನ ನುಗ್ಗದಂತೆ ಮತ್ತೆ ಕೋಲು ಹಾಕಿ ಹೋದ.

ಆ ದಿನ ಭಾನುವಾರ, ಶಾಲೆಗೆ ರಜೆ, ಸ್ಟಾಪಿನಲ್ಲಿ ಜನವಿರಲಿಲ್ಲ. ಒಂಬತ್ತೂವರೆಯ ಬಸ್ಸು ದಾರಿಯಲ್ಲೇ ಟೈರು ಒಡೆದು ನಿಂತಿತ್ತು. ಹತ್ತೂಮುಕ್ಕಾಲಕ್ಕೆ ಹಾಲಿನ ವ್ಯಾನಿನವನು, ಸ್ಟಾಪಿನ ಸಿಮೆಂಟು ಕಟ್ಟೆಯ ಮೇಲೆ ಗೋಡೆಗೊರಗಿ ಮಲಗಿದವನನ್ನು ಏಳಿಸಲು ಹೋಗಿ, ಕೈ ಮುಟ್ಟಿ, ಹಿಂದಕ್ಕೆ ಸರಿದ. ಕೆರಿಯನ ಚಪ್ಪಲಿ ಕೆಳಗೆ ಜೊತೆಯಾಗಿಯೇ ಇದ್ದವು. ಟುವಾಲು ಮುಷ್ಟಿಯಲ್ಲಿತ್ತು. ಅವನ ಮೊಬೈಲು ಮನೆಯ ಗೋಡೆಯಲ್ಲಿ ಚಾರ್ಜಿಗೆ ನೇತಾಡುತ್ತಿತ್ತು. ಸ್ಟಾಪಿನಿಂದ ಮನೆಗೆ ಹತ್ತು ನಿಮಿಷದ ದಾರಿ.

ಸತ್ತದ್ದು ಗಂಗೆಗೆ ಅರ್ಥವಾಯಿತು. ಹುಟ್ಟಿದ ಮೇಲೆ ಸಾವು ತಪ್ಪಿದ್ದಲ್ಲ. ಹೇಳದೆ ಹೋದದ್ದು ಮಾತ್ರ ಅರ್ಥವಾಗಲಿಲ್ಲ. ಮೂವತ್ತೊಂದು ವರ್ಷ ಒಂದೇ ಒಲೆಯ ಅನ್ನ ಉಂಡವರು. ಎದೆ ನೋಯುತ್ತಿದೆ ಎಂಬ ಒಂದು ಮಾತು ಹೇಳಲು ತಾನು ಬೇಡವಾದೆನೇ? ತನ್ನಿಂದ ಏನೂ ಆಗದು ಎಂದುಕೊಂಡನೇ? ನೀನು ಹೆದರುತ್ತೀ ಎಂದು ಹೇಳಿರಲಿಕ್ಕಿಲ್ಲ ಎಂದು ಬಂದವರೆಲ್ಲ ಸಮಾಧಾನ ಮಾಡಿದರು. ಅದರಿಂದ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿದರೆ ಬಂದು ಸಮಾಧಾನ ಹೇಳುವವರು ಯಾರು? ಅದು ಅವಳಲ್ಲೇ ಉಳಿಯಿತು. ಕೇಳಿದ್ದರೆ ಹೇಳುತ್ತಿದ್ದ. ಕೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅದೇ ವರ್ಷದ ಜೂನಿನಲ್ಲಿ ಶಾಲೆಯ ಅಡುಗೆಗೆ ಸೇರಿದಳು. ಸೇರಿದ ವಾರದಲ್ಲೇ ಒಂದು ಬೆಳಿಗ್ಗೆ, ಕೆರಿಯ ಕೂತಿದ್ದ ಅದೇ ಕಟ್ಟೆಯ ಮೇಲೆ ಗುರುತಿಲ್ಲದ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಬಸ್ಸಿಗೆ ಕಾಯುತ್ತಿದ್ದ ಆರೇಳು ಜನ ಬೇರೆ ಬೇರೆ ಕಡೆ ನೋಡುತ್ತ ನಿಂತಿದ್ದರು. ಗಂಗೆ ದಾಟಿ ಎರಡು ಹೆಜ್ಜೆ ಹೋದಳು. ಕಾಲು ಮುಂದೆ ಹೋಗಲಿಲ್ಲ. ತಿರುಗಿ ಬಂದು ಕೇಳಿಯೇಬಿಟ್ಟಳು, ಎಲ್ಲಿಗ್ ಹೊಂಟ್ರಿ ಅಮ್ಮಾ, ಎಂತಕ್ಕೆ ಅಂತ. ನಿಂತಿದ್ದವರು ಬೆಚ್ಚಿಬಿದ್ದರು. ಆ ಹೆಂಗಸು ಮಾತ್ರ, ಯಾರಾದರೂ ಕೇಳಲಿ ಎಂದೇ ಕಾದವಳಂತೆ, ಗಂಗೆಯ ಕೈ ಹಿಡಿದುಕೊಂಡು ಬಿಕ್ಕಿದಳು. ಯಲ್ಲಾಪುರದವಳಂತೆ. ತಂಗಿಯ ಮನೆಗೆ ಬಂದಿದ್ದಳು, ತಾಯಿ ತೀರಿಕೊಂಡರೆಂದು ಫೋನು ಬಂದಿತ್ತು. ತಂಗಿ ಬಾಣಂತಿ, ಅವಳಿಗೆ ಹೇಳುವಂತಿರಲಿಲ್ಲ. ಗಂಗೆ ಅವಳ ಜೊತೆ ಸಿದ್ದಾಪುರದವರೆಗೆ ಹೋಗಿ, ಶಿರಸಿಯ ಬಸ್ಸು ಹತ್ತಿಸಿ, ಅಲ್ಲಿಂದ ಯಲ್ಲಾಪುರದ ಬಸ್ಸಿಗೆ ಕೂರಿಸಬೇಕೆಂದು ಕಂಡಕ್ಟರನಿಗೆ ಹೇಳಿ ಬಂದಳು. ಆ ದಿನ ಶಾಲೆಯಲ್ಲಿ ಊಟ ತಡವಾಗಿ, ಜೊತೆಯ ಅಡುಗೆಯವಳು ಮಮತಾ ಮುಖ ಊದಿಸಿಕೊಂಡಿದ್ದಳು.

ಹಾಗೆ ಶುರುವಾಗಿ ಆರು ವರ್ಷವಾಯಿತು. ಮೊದಮೊದಲು ಕೇಳುವಾಗ ಗಂಗೆಗೂ ಅಳುಕಾಗುತ್ತಿತ್ತು. ಬರುಬರುತ್ತ ಕೆಮ್ಮಿದಷ್ಟು ಸಹಜವಾಯಿತು. ಊರ ಬಾಯಿಗೆ ಮುಚ್ಚಳವಿಲ್ಲ, ಆದರೆ ಊರಿಗೂ ಒಂದೇ ಮಾತಿಗೆ ಎಷ್ಟು ದಿನ ಬೈಯಲಾದೀತು? ಮುಂದಿನ ಸ್ಟಾಪಿಗೆ ನಡೆಯುತ್ತಿದ್ದವರು ಕಾಲು ನೋವೆಂದು ವಾಪಸು ಬಂದರು. ಗಂಗೆ ಕೇಳುವ ಮೊದಲೇ ಅವರವರೇ ಹೇಳಿಕೊಳ್ಳತೊಡಗಿದರು. ಒಂದು ದಿನ ಗಂಗೆಗೆ ಬರಲಾಗದಿದ್ದಾಗ ಮಮತಾ ತಾನೇ ಹೋಗಿ ನಿಂತು ಕೇಳಿದಳಂತೆ, ಸುಮ್ಮನಿರಲು ಆಗಲಿಲ್ಲ ಎಂದಳು. ಇಷ್ಟಾದರೂ ಗಂಗೆಗೆ ಸಂತೋಷವೇನೂ ಆಗಲಿಲ್ಲ. ಪ್ರತಿಯೊಬ್ಬರನ್ನು ಕೇಳುವಾಗಲೂ ಕೇಳದೇ ಬಿಟ್ಟ ಒಬ್ಬನ ನೆನಪಾಗುತ್ತಿತ್ತು. ಸಂಜೆ ಮನೆಗೆ ಹೋಗಿ ದಣಪೆಯ ಗೂಟದ ಮೇಲೆ ಕೈಯಿಟ್ಟರೆ ಮತ್ತದೇ ಪ್ರಶ್ನೆ. ನನಗೆ ಯಾಕೆ ಹೇಳಲಿಲ್ಲ?

ವಿಶ್ವೇಶ್ವರ ಮಾಸ್ತರರು ಸ್ಟಾಪಿಗೆ ಬರತೊಡಗಿದ್ದು ಕಳೆದ ವರ್ಷದಿಂದ. ಅದೇ ಶಾಲೆಯಲ್ಲಿ ಹೆಡ್ ಮಾಸ್ತರರಾಗಿ ನಿವೃತ್ತರಾದವರು, ಉಲ್ಲಾಸನಿಗೂ ಮಗ್ಗಿ ಕಲಿಸಿದವರು. ಎರಡೂ ಕಿಡ್ನಿ ಕೈಕೊಟ್ಟು, ಸೋಮವಾರ ಗುರುವಾರ ಸಿದ್ದಾಪುರಕ್ಕೆ ಡಯಾಲಿಸಿಸ್ಸಿಗೆ ಹೋಗಬೇಕು. ಮಗ ಶಶಾಂಕ ಬೈಕಿನಲ್ಲಿ ತಂದು ಬಿಟ್ಟು ಹಾಲಿನ ಡೇರಿಗೆ ಓಡುತ್ತಾನೆ, ಮಧ್ಯಾಹ್ನ ಕರೆದುಕೊಂಡು ಬರಲು ಹೋಗುತ್ತಾನೆ. ಮೊದಲ ದಿನ ಗಂಗೆ ಕೇಳಿದಾಗ ಮಾಸ್ತರರು ಇಲ್ಲೇ ಎಂದು ಮುಖ ತಿರುಗಿಸಿದರು. ಅವಳು ಬಿಡಬೇಕಲ್ಲ. ವಾರವೆರಡು ಕಳೆಯುವುದರೊಳಗೆ ಅವರ ಚೀಲ ಅವಳ ಕೈಯಲ್ಲಿತ್ತು. ಬಸ್ಸಿನ ಮೆಟ್ಟಿಲು ಎತ್ತರ. ಅವರ ಎಡಗೈ ಸೂಜಿ ಚುಚ್ಚಿ ಚುಚ್ಚಿ ಬಾತಿರುತ್ತದೆ, ಅದನ್ನು ಹಿಡಿಯಬಾರದು. ಬಲಗೈಯ ರಟ್ಟೆಗೆ ಕೈ ಕೊಟ್ಟು ಎತ್ತಬೇಕು. ಅಷ್ಟನ್ನೂ ಗಂಗೆ ಕಲಿತಳು. ವರ್ಷವಿಡೀ ಎತ್ತಿದಳು. ಮಾಸ್ತರರು ಒಂದು ದಿನವೂ ಅವಳ ಮುಖ ನೋಡಿ ಮಾತಾಡಲಿಲ್ಲ. ದೊಡ್ಡವರು, ಹೆಂಗಸಿನ ಕೈ ಹಿಡಿಯಬೇಕಾಗಿ ಬಂದದ್ದಕ್ಕೆ ಸಂಕೋಚ ಎಂದು ಅವಳು ತಿಳಿದಿದ್ದಳು.

ಈ ಮಾರ್ಚಿನ ಒಂದು ಸೋಮವಾರ ಸ್ಟಾಪಿನಲ್ಲಿ ಅವರಿಬ್ಬರೇ ಇದ್ದರು. ಗಂಗೆ ಚೀಲಕ್ಕೆ ಕೈ ಚಾಚಿದರೆ ಮಾಸ್ತರರು ಕೊಡಲಿಲ್ಲ.

“ಚೀಲ ಬೇಡ ಗಂಗೆ. ಕೂತ್ಕೋ, ಒಂದು ಮಾತು ಹೇಳೂದದೆ,” ಎಂದರು. “ಕೆರಿಯ ಹೋದ ದಿನ ನಾನು ಇಲ್ಲೇ ಇದ್ದೆ. ಅವನ ಎದುರಿಗೆ.”

ಗಂಗೆ ಕೂರಲಿಲ್ಲ. ಮಾಸ್ತರರು ನೆಲ ನೋಡುತ್ತಲೇ ಹೇಳಿದರು. ಆ ದಿನ ಸಿದ್ದಾಪುರದಲ್ಲಿ ಒಬ್ಬ ಶಿಕ್ಷಕರ ಬೀಳ್ಕೊಡುಗೆ ಇತ್ತು, ಇವರು ಮುಖ್ಯ ಅತಿಥಿ. ಕೆರಿಯ ಬಂದು ಎದುರಿನ ಕಟ್ಟೆಯಲ್ಲಿ ಕೂತ. ಇವರು ದೂರವಾ ಎಂದರು. ಅವನು ಇಲ್ಲೇ ಎನ್ನಲಿಲ್ಲ. ಎದೆ ಹಿಡಿದಿದೆ, ದವಾಖಾನೆಗೆ ಹೊರಟೆ ಎಂದ. ಬೆವರುತ್ತಿದ್ದ. ಆಮೇಲೆ ಇವರ ಹತ್ತಿರ ಒಂದು ಮಾತು ಕೇಳಿಕೊಂಡ. ಇವರು ಗ್ಯಾಸ್ ಇರಬೇಕು ಮಾರಾಯ ಎಂದರು, ಆಯ್ತು, ಫೋನ್ ಮಾಡಿ ಹೇಳ್ತೇನೆ ಎಂದೂ ಒಪ್ಪಿಕೊಂಡರು. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸಿ, ಬನ್ನಿ ಸಾರ್ ಎಂದ. ಒಬ್ಬರಿಗೇ ಜಾಗ. ಬಸ್ಸು ಇನ್ನು ಹತ್ತು ನಿಮಿಷದಲ್ಲಿ ಬಂದೇ ಬರುತ್ತದೆ, ಕೆರಿಯ ಅದಕ್ಕೆ ಹೋದಾನು ಎಂದುಕೊಂಡು ಹತ್ತಿ ಕೂತರು. ಹೋಗಿ ಹಾರ ಹಾಕಿಸಿಕೊಂಡು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಸಂಜೆ ಬಂದಾಗ ಸುದ್ದಿ ಗೊತ್ತಾಯಿತು. ಹೇಳಲು ಹದಿಮೂರರ ದಿನ ಅವಳ ಮನೆಯವರೆಗೂ ಬಂದಿದ್ದರಂತೆ. ಊಟ ಮಾಡಿ ಹೋದರಂತೆ.

“ಎಂತ ಕೇಳ್ಕಂಡ್ರು ಅವ್ರು?” ಎಂದಳು ಗಂಗೆ.

“ಗಂಗೆಗೆ ಒಂದು ಮಾತು ಹೇಳಿ ಮಾಸ್ತರ್ರೇ, ಬರ್ಲಿ ಅಂತ. ಅವ್ಳು ಬಂದ್ರೆ ನಂಗೆ ಧೈರ್ಯ ಅಂತ.”

ಗಂಗೆಗೆ ಮೊದಲು ಆದದ್ದು ಏನು ಎಂದು ಹೇಳುವುದು ಕಷ್ಟ. ಸಂತೋಷವೆಂದರೆ ಬೈಯುತ್ತೀರಿ. ಆದರೂ ಆರು ವರ್ಷ ಬಿಗಿದಿದ್ದ ಒಂದು ಗಂಟು ಆ ಕ್ಷಣಕ್ಕೆ ಸಡಿಲಾಯಿತು. ಕರೆದಿದ್ದ. ತಾನು ಬೇಕಾಗಿದ್ದೆ. ಮರುಕ್ಷಣವೇ ಸ್ಟಾಪಿನಿಂದ ಮನೆಗೆ ಎಷ್ಟು ದೂರ ಎಂಬುದು ನೆನಪಾಯಿತು. ಹತ್ತೇ ನಿಮಿಷ. ಓಡಿದ್ದರೆ ಐದು. ಅಂಗಳದಲ್ಲಿ ಭತ್ತ ಹರವುತ್ತ ಕೂತಿದ್ದಳು, ಇಲ್ಲಿ ಅವನು ರಸ್ತೆ ನೋಡುತ್ತ ಕೂತಿದ್ದ. ಮಾಸ್ತರರು ಹೇಳಿದ್ದಾರೆ, ಬರುತ್ತಾಳೆ ಎಂದು ನಂಬಿ ಕೂತಿದ್ದ. ಬರಲಿಲ್ಲ ಎಂದುಕೊಂಡೇ ಸತ್ತ. ಅವನು ತನಗೆ ಹೇಳಲಿಲ್ಲ ಎಂದು ಇವಳು ಆರು ವರ್ಷ ಬೆಂದರೆ, ಇವಳು ಬರಲಿಲ್ಲ ಎಂದು ಅವನು ಸಾಯುವ ತನಕ ಬೆಂದಿರಬೇಕು.

ಬಸ್ಸು ಬಂತು. ಮಾಸ್ತರರು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಬುಡಕ್ಕೆ ಹೋಗಿ, ಸರಳು ಹಿಡಿದು ಒಮ್ಮೆ ಪ್ರಯತ್ನಿಸಿದರು, ಆಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. ಗಂಗೆ ಅಲ್ಲಾಡದೆ ನಿಂತಿದ್ದಳು. ಬೀಳಲಿ ಎಂದುಕೊಂಡಳು, ನಿಜವಾಗಿಯೂ ಹಾಗೆಯೇ ಅಂದುಕೊಂಡಳು. ಮೂರನೆಯ ಸಲ ಅವರ ಕಾಲು ಜಾರಿದಾಗ ಅವಳ ಕೈ ಹೋಗಿ ಅವರ ಬಲ ರಟ್ಟೆಯನ್ನು ಹಿಡಿದಿತ್ತು. ಹಿಡಿದು ಎತ್ತಿಯೂ ಆಗಿತ್ತು. ಮನಸ್ಸು ಒಪ್ಪಿರಲಿಲ್ಲ, ಕೈ ಅದರ ಮಾತು ಕೇಳಲಿಲ್ಲ. ಬಸ್ಸು ಹೋದ ಮೇಲೆ ಗಂಗೆ ಆ ಕೈಯನ್ನು ಸೀರೆಗೆ ಒರೆಸಿ ಒರೆಸಿ ಕೆಂಪು ಮಾಡಿಕೊಂಡಳು. ಆ ದಿನ ಶಾಲೆಯ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಉಲ್ಲಾಸನಿಗೆ ಹೇಳಲಿಲ್ಲ. ಹೇಳಿದರೆ ಮಾಸ್ತರರ ಮನೆಗೆ ಹೋಗಿ ಜಗಳ ತೆಗೆದಾನು. ಮಂಗಳವಾರ ಬುಧವಾರ ಒಳಗೊಳಗೇ ಅತ್ತಳು. ಕೆಟ್ಟವರು ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಮಾಡಿದವರು ಕೆಟ್ಟವರಲ್ಲ. ಬೈಕು ಬಂತು, ಹತ್ತಿದರು. ಆ ಜಾಗದಲ್ಲಿ ಊರಿನ ಯಾರಿದ್ದರೂ ಅಷ್ಟೇ ಮಾಡುತ್ತಿದ್ದರು, ಆರು ವರ್ಷದ ಹಿಂದಿನ ತಾನೂ ಅಷ್ಟೇ ಮಾಡುತ್ತಿದ್ದೆನೇನೋ ಎಂಬುದು ಹೊಳೆದಾಗ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಗುರುವಾರ ಮಾಸ್ತರರು ಬರಲಿಲ್ಲ. ಬಸ್ಸು ಬಂತು, ಹೋಯಿತು. ಒಳ್ಳೆಯದೇ ಆಯಿತು ಎಂದು ಗಂಗೆ ಶಾಲೆಗೆ ಹೋಗಿ ಅಕ್ಕಿ ಅಳೆದಳು. ಅಳೆಯುತ್ತಲೇ ಲೆಕ್ಕ ತಪ್ಪಿತು. ಒಂದು ಡಯಾಲಿಸಿಸ್ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಎರಡು ತಪ್ಪಿದರೆ ಉಳಿಯುವುದು ಕಷ್ಟ ಎಂದು ಅವರೇ ಒಮ್ಮೆ ಹೇಳಿದ್ದರು. ಅಕ್ಕಿಯನ್ನು ಮಮತಾಳ ಕೈಗೆ ಕೊಟ್ಟು, ಈಗ ಬಂದೆ ಎಂದು ಹೊರಟಳು.

ಮಾಸ್ತರರು ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಲು ಆಗಲೇ ಊದಿತ್ತು. ಸೊಸೆ ಬಂದು, ಇವತ್ತು ಆಸ್ಪತ್ರೆಯವರೇ ಬರಬೇಡಿ ಎಂದಿದ್ದಾರಂತಲ್ಲ ಎಂದಳು. ಮನೆಯವರಿಗೆ ಹೀಗೆ ಹೇಳಿ ಮಲಗಿದ್ದಾರೆ ಎಂಬುದು ಗಂಗೆಗೆ ತಿಳಿಯಿತು. ಸೊಸೆ ನೀರು ತರಲು ಒಳಗೆ ಹೋದಾಗ ಹತ್ತಿರ ಹೋಗಿ ನಿಂತಳು.

“ನನ್ನ ಬಿಟ್ಬಿಡು ಗಂಗೆ. ನಿನ್ನ ಕೈ ಹಿಡ್ದು ಹತ್ತೂದು ನನ್ನಿಂದ ಆಗೂದಿಲ್ಲ ಇನ್ನು,” ಎಂದರು ಮಾಸ್ತರರು, ತಿರುಗದೆಯೇ.

“ನಾ ನಿಮ್ಮನ್ನ ಕ್ಷಮಿಸ್ದೆ ಅಂತ ತಿಳ್ಕಬೇಡಿ,” ಎಂದಳು ಗಂಗೆ. “ನಿಮ್ಮ ಮೇಲೆ ಸಿಟ್ಟು ಅದೆ. ನಾ ಇರೂವರೆಗೂ ಇರ್ತದೆ. ಸಿಟ್ಟು ಮಾಡೂಕೆ ನೀವು ಇರ್ಬೇಕಲ್ಲ. ಏಳಿ, ಹನ್ನೊಂದೂಕಾಲಿಗೆ ಇನ್ನೊಂದು ಬಸ್ಸದೆ.”

ಮಾಸ್ತರರು ಎದ್ದು ಕೂತರು. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ತಡಕಿ ಹಾಕಿಕೊಂಡರು. ಗಂಗೆ ಅದಕ್ಕೆ ಸಹಾಯ ಮಾಡಲಿಲ್ಲ, ಕಾದಳು. ಆಮೇಲೆ ಚೀಲ ತೆಗೆದುಕೊಂಡು ಮುಂದೆ ನಡೆದಳು. ಅವರು ನಿಂತಲ್ಲಿ ಅವಳೂ ನಿಲ್ಲುತ್ತ, ಅವರು ಹೊರಟಾಗ ಹೊರಡುತ್ತ ಸ್ಟಾಪಿಗೆ ಬಂದರು. ಅವರನ್ನು ಒಂದು ಕಟ್ಟೆಯಲ್ಲಿ ಕೂರಿಸಿ ಅವಳು ಎದುರಿನದರಲ್ಲಿ ಕೂತಳು. ಬಿಸಿಲಿಗೆ ರಸ್ತೆ ಖಾಲಿಯಾಗಿತ್ತು. ಗಂಗೆಯ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು, ಅವಳು ಒರೆಸಿಕೊಳ್ಳಲಿಲ್ಲ.

“ಮಾಸ್ತರ್ರೇ,” ಎಂದಳು. “ಅವ್ರು ಹೇಳಿದ್ದು ಕೇಳಿದವ್ರು ಈ ಭೂಮಿ ಮೇಲೆ ನೀವೊಬ್ರೇ. ಹೆಂಗ್ ಹೇಳಿದ್ರೋ ಹಂಗೇ ಇನ್ನೊಂದ್ ಸಲ ಹೇಳಿ.”

ಮಾಸ್ತರರು ಹೇಳಿದರು. ಅವಳು ಮತ್ತೊಮ್ಮೆ ಕೇಳಿದಳು. ಬಸ್ಸು ಬರುವಷ್ಟರಲ್ಲಿ ಅವರು ಅದನ್ನು ನಾಲ್ಕು ಸಲ ಹೇಳಿದ್ದರು.